ಒಂಟಿ ಸೀಟು

ಪೇಪರಿನವರಿಗೇನು, ಬರೆಯಲು ಏನಾದರೂ ಸಿಕ್ಕರೆ ಸಾಕು. ಸಿದ್ದಾರೂಢ ಮೊದಲು ಮಣ್ಣಿನ ಟ್ರ್ಯಾಕಿನಲ್ಲಿ ಮೋಟರ್‌ಸೈಕಲ್ ಹಾರಿಸಿ ಗೆದ್ದ. ಅದನ್ನು ಬಿಟ್ಟು ಗೋ-ಕಾರ್ಟಿಗೆ ಬಂದ, ಅಲ್ಲೂ ಗೆದ್ದ. ಆಮೇಲೆ ಚೆನ್ನೈ ಕಡೆ ಹೋಗಿ ಫಾರ್ಮುಲಾ ಕಾರು ಹತ್ತಿದ. ಆಗ ಪುಣೆಯ ಒಂದು ಮರಾಠಿ ಪತ್ರಿಕೆ ಅವನ ಫೋಟೋ ಹಾಕಿ, ಅಮೆರಿಕದಲ್ಲಿ ಇಂಥ ಡ್ರೈವರುಗಳು ಇರುತ್ತಾರೆ, ಇವತ್ತು ಮಣ್ಣು ನಾಳೆ ಡಾಂಬರು, ಯಾವ ಗಾಡಿ ಕೊಟ್ಟರೂ ಓಡಿಸುತ್ತಾರೆ, ನಮ್ಮ ಮಾರ್ಕೆಟ್ ಯಾರ್ಡಿನ ಹುಡುಗನೂ ಅದೇ ಪೈಕಿ ಎಂದು ಹೊಗಳಿತು. ಹೊಗಳಲಿ ಬಿಡಿ, ಯಾರು ಬೇಡ ಅಂದರು? ಆದರೆ ಆ ಗಾಡಿಗಳನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸಿ ನೋಡುವ ಪುಣ್ಯಾತ್ಮ ಒಬ್ಬನೂ ಇರಲಿಲ್ಲ. ನೋಡಿದ್ದರೆ ಗೊತ್ತಾಗುತ್ತಿತ್ತು, ಒಂದರಲ್ಲೂ ಎರಡನೆಯ ಸೀಟು ಇರಲಿಲ್ಲ.

ಮೊದಲು ಹೀಗಿರಲಿಲ್ಲ. ಮೊದಲು ಪಕ್ಕದ ಸೀಟಿನಲ್ಲಿ ಮಾಂತು ಇರುತ್ತಿದ್ದ.

ಮಾಂತು ಸಿದ್ದಾರೂಢನ ಸೋದರಮಾವನ ಮಗ. ಇಬ್ಬರದೂ ಒಂದೇ ವಯಸ್ಸು, ಒಂದೇ ಹುಚ್ಚು. ವ್ಯತ್ಯಾಸ ಇಷ್ಟೇ. ಸಿದ್ದಾರೂಢ ಜಮಖಂಡಿಯಲ್ಲಿ ಅಜ್ಜಿಯ ಕೈಯಲ್ಲಿ ಬೆಳೆದು, ಮೀಸೆ ಚಿಗುರುವ ಹೊತ್ತಿಗೆ ಮಾರ್ಕೆಟ್ ಯಾರ್ಡಿನಲ್ಲಿದ್ದ ಅಪ್ಪನ ಬೆಲ್ಲದ ಅಂಗಡಿಗೆಂದು ಪುಣೆಗೆ ಬಂದವನು. ಮಾಂತು ಪುಣೆಯಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಓದಿದವನು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಬೆಲ್ಲದ ಟೆಂಪೋವನ್ನು ಹಮಾಲರ ನಡುವೆ ಹಿಮ್ಮುಖವಾಗಿ ಓಡಿಸಿ ಬೈಸಿಕೊಳ್ಳುವುದರಿಂದ ಇಬ್ಬರ ರೇಸು ಶುರುವಾಯಿತು. ಸ್ಕೂಟರ್ ರ‍್ಯಾಲಿಗೆ ಹೋದರು, ಬಿದ್ದರು, ಎದ್ದರು. ನಡುವೆ ಸಿದ್ದಾರೂಢನ ತಂಗಿ ರೇಣುವನ್ನು ಮಾಂತುವಿಗೇ ಕೊಟ್ಟು ಮದುವೆಯೂ ಆಯಿತು. ಮದುವೆಯಾದ ಮೇಲಾದರೂ ಈ ಹುಚ್ಚು ಬಿಡುತ್ತದೆ ಎಂದುಕೊಂಡವರಿಗೆ ಕೈಮುಗಿಯಬೇಕು. ಇಬ್ಬರೂ ಸೇರಿ ಹಳೆಯ ಕಾರೊಂದನ್ನು ಕೊಂಡು ಕಾರ್ ರ‍್ಯಾಲಿಗೆ ಇಳಿದರು.

ರ‍್ಯಾಲಿ ಒಬ್ಬನ ಆಟವಲ್ಲ. ಒಬ್ಬ ಓಡಿಸುತ್ತಾನೆ, ಪಕ್ಕದವನು ಮೊದಲೇ ಬರೆದಿಟ್ಟ ಟಿಪ್ಪಣಿ ನೋಡಿ ಮುಂದೆ ಬರುವ ದಾರಿಯನ್ನು ಕೂಗಿ ಹೇಳುತ್ತಾನೆ. ಓಡಿಸುವವನು ತನ್ನ ಕಣ್ಣಿಗಿಂತ ಅವನ ಬಾಯನ್ನು ನಂಬಬೇಕು. ಉಳಿದವರೆಲ್ಲ ಇಂಗ್ಲಿಷಿನಲ್ಲಿ ಕೂಗುತ್ತಿದ್ದರೆ ಇವರದು ಕನ್ನಡ. ಎಡ, ಬಲ, ದಿಬ್ಬ, ಇಳಿಜಾರಿಗೆ ಇಳಕಲ. ಮುಂದೆ ದನ ಇಲ್ಲ, ಜನ ಇಲ್ಲ, ಒತ್ತು ಎನ್ನಬೇಕಾದರೆ ಒಂದೇ ಮಾತು, ‘ಖಾಲಿ’. ಆ ಮಾತು ಕಿವಿಗೆ ಬಿದ್ದರೆ ಸಿದ್ದಾರೂಢನ ಕಾಲು ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ.

ತೊಂಬತ್ತೊಂಬತ್ತರಲ್ಲಿ, ಮಳೆಗಾಲ ಮುಗಿದ ಮೇಲೆ, ಒಂದು ಘಾಟಿನ ರಸ್ತೆಯಲ್ಲಿ ಅನಾಹುತವಾಯಿತು. ದಿಬ್ಬದ ಆಚೆ ಮಳೆಗೆ ರಸ್ತೆಯ ಅರ್ಧ ಭಾಗ ಕುಸಿದು ಕೆಳಗೆ ಹೋಗಿತ್ತು. ಮಾಂತುವಿನ ಕೈಯಲ್ಲಿದ್ದ ಟಿಪ್ಪಣಿಯಲ್ಲಿ ಅದು ಇರಲಿಲ್ಲ. ಟಿಪ್ಪಣಿ ಓದುವಾಗ ಅವನ ಬಾಯಲ್ಲಿ ಕನ್ನಡ ಬರುತ್ತಿತ್ತು, ಸರಿ. ಆದರೆ ಅವತ್ತು ಓದಲಿಲ್ಲ, ಕಂಡದ್ದನ್ನು ಕಂಡ ಹಾಗೆ ಕಿರುಚಿದ. ಜೀವಭಯಕ್ಕೆ ಶಾಲೆಯ ಭಾಷೆಯೇ ಮೊದಲು ಬಾಯಿಗೆ ಬಂತು. ‘ಖಾಲಿ!’ ಎಂದ. ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ.

ಸಿದ್ದಾರೂಢನ ಕಾಲು ಆ್ಯಕ್ಸಿಲರೇಟರ್ ಒತ್ತಿತು.

ಅವನಿಗೆ ಆದದ್ದು ಭುಜದ ಒಂದು ಮುರಿತ. ಮಾಂತುವಿಗೆ ಸೊಂಟದಿಂದ ಕೆಳಗೆ ಎಲ್ಲವೂ ಹೋಯಿತು. ಅವತ್ತು ಬೆಳಿಗ್ಗೆ ತಿಂದ ಅವಲಕ್ಕಿಯಿಂದ ಹಿಡಿದು ಆಸ್ಪತ್ರೆಯಲ್ಲಿ ಕಣ್ಣು ತೆರೆಯುವವರೆಗಿನ ನೆನಪೂ ಹೋಯಿತು. ಮಾತು ಬಂದ ಮೇಲೆ ಅವನು ಮೊದಲು ಕೇಳಿದ್ದೇ ಇದು.

“ಸಿದ್ಯಾ, ನಾ ಏನಂದೆ? ತಪ್ಪು ಹೇಳಿದ್ನೇನು?”

ರೇಣು ಹಾಸಿಗೆಯ ಪಕ್ಕದಲ್ಲೇ ಇದ್ದಳು, ಮಡಿಲಲ್ಲಿ ಆಗಷ್ಟೇ ತಲೆ ನಿಂತ ಕೂಸು ಸಪ್ನಾ. ಸಿದ್ದಾರೂಢ ಯೋಚಿಸಲಿಲ್ಲ. ಸೊಂಟ ಹೋದವನ ಕೈಗೆ ತಪ್ಪನ್ನೂ ಕೊಟ್ಟು ಬರಲು ಯಾರಿಗೆ ಮನಸ್ಸಾಗುತ್ತದೆ?

“ಇಳಕಲ ಅಂದಿ. ಸರಿಯಾಗೇ ಹೇಳಿದಿ. ನಾನ ಕೇಳಲಿಲ್ಲ. ಗೆಲ್ಲೂ ಹುಚ್ಚಿನಾಗ ಒತ್ತಿಬಿಟ್ಟೆ.”

ರ‍್ಯಾಲಿಯವರು ವಿಚಾರಣೆಗೆ ಕರೆದಾಗಲೂ ಅದನ್ನೇ ಹೇಳಿದ. ಅವರು ಒಂದು ವರ್ಷ ಹೊರಗೆ ಕೂರಿಸಿದರು. ರೇಣು ಅಣ್ಣನ ಜೊತೆ ಮಾತು ಬಿಟ್ಟಳು. ಅಪ್ಪ ಸಿದ್ರಾಮಪ್ಪ ಅಂಗಡಿಯಲ್ಲಿ ಮಗನ ಕಡೆ ನೋಡುವುದನ್ನೇ ಬಿಟ್ಟ.

ಮಾಂತು ಮಾತ್ರ ಬಾಯಿ ಬಿಡಲಿಲ್ಲ ಎನ್ನಬೇಡಿ, ಬಿಟ್ಟ, ಚೆನ್ನಾಗಿಯೇ ಬಿಟ್ಟ. ಕೋಥರೂಡದ ಅವನ ಫ್ಲ್ಯಾಟಿಗೆ ಸಿದ್ದಾರೂಢ ಭಾನುವಾರ ಭಾನುವಾರ ಹೋಗುತ್ತಿದ್ದ. ರೇಣು ಚಹಾದ ಕಪ್ಪನ್ನು ಟೀಪಾಯಿಯ ಮೇಲೆ ಕುಕ್ಕಿ ಒಳಗೆ ಹೋಗುತ್ತಿದ್ದಳು. ಆಮೇಲೆ ಮಾಂತು ಶುರುಮಾಡುತ್ತಿದ್ದ. “ಮಂಗ್ಯಾನ ಮಗನ, ಬಂದೇನು? ನನ್ನ ಕಾಲ ಎಲ್ಲಿಟ್ಟು ಬಂದಿ? ನೋಡ್ತಿರು, ನಿನ್ನ ಮುಂದ ಎದ್ದು ನಿಲ್ಲಲಿಲ್ಲಂದ್ರ ನಾ ಮಾಂತು ಅಲ್ಲ!” ಹೀಗೆ ಬೈಯುತ್ತಲೇ ಡಂಬಲ್ಸ್ ಎತ್ತುತ್ತಿದ್ದ. ಎದ್ದು ನಿಲ್ಲುವುದು ಆಗಲಿಲ್ಲ. ಆದರೆ ಗಾಲಿಕುರ್ಚಿಗೆ ತಾನೇ ಹತ್ತಿ ಇಳಿಯುವಷ್ಟು ಆದ. ಹಡಪಸರದಲ್ಲಿ ಬಿಡಿಭಾಗಗಳ ಅಂಗಡಿ ತೆರೆದು ಫೋನಿನ ಮೇಲೆಯೇ ನಡೆಸತೊಡಗಿದ. ಭಾನುವಾರ ಬಂತೆಂದರೆ ಅವನ ಮುಖದಲ್ಲಿ ಕಳೆ ಬರುತ್ತಿತ್ತು. ಬೈಯಲು ಒಬ್ಬ ಬರುತ್ತಾನಲ್ಲ!

ಸಿದ್ದಾರೂಢ ಚಹಾ ಕುಡಿದು, ಬೈಗುಳ ತಿಂದು, ಬಸ್ಸು ಹಿಡಿದು ಮನೆಗೆ ಬರುತ್ತಿದ್ದ. ಕೋಪ ಬರಲಿಲ್ಲ, ದುಃಖವೂ ಬರಲಿಲ್ಲ. ಒಳಗೆಲ್ಲ ಜೋಮು ಹಿಡಿದು ಕೂತಿತ್ತು. ಸಾಲದ್ದಕ್ಕೆ ರೇಸು ಬಿಡಲು ಬರುವುದಿಲ್ಲ, ಬೇರೆ ಏನೂ ಗೊತ್ತಿಲ್ಲ. ಹಾಗಾಗಿ ಪಕ್ಕದಲ್ಲಿ ಯಾರೂ ಕೂರಲಾಗದ ಗಾಡಿಗಳನ್ನೇ ಹುಡುಕಿ ಹುಡುಕಿ ಹತ್ತಿದ. ಒಂದು ಆಟದಲ್ಲಿ ಹೆಸರು ಬರುವಷ್ಟರಲ್ಲಿ ಯಾರಾದರೂ ‘ಇನ್ನು ಮತ್ತೆ ರ‍್ಯಾಲಿಗೆ ಬಾ, ಪಕ್ಕದಲ್ಲಿ ಕೂತು ದಾರಿ ಹೇಳಲು ಒಳ್ಳೆಯ ನ್ಯಾವಿಗೇಟರ್ ಕೊಡುತ್ತೇವೆ’ ಅನ್ನುತ್ತಿದ್ದರು. ಅಷ್ಟಾದರೆ ಸಾಕು, ಆ ಆಟವನ್ನೇ ಬಿಟ್ಟು ಇನ್ನೊಂದಕ್ಕೆ ಹೋಗುತ್ತಿದ್ದ. ಪೇಪರಿನವರು ಅದಕ್ಕೇ ಬಹುಮುಖ ಪ್ರತಿಭೆ ಎಂದು ಹೆಸರಿಟ್ಟರು. ಒಮ್ಮೆ ಮಣ್ಣಿನ ಟ್ರ್ಯಾಕಿನಲ್ಲಿ ಸೈಲೆನ್ಸರ್ ತಾಗಿ ಮೀನಖಂಡ ಸುಟ್ಟಿತು. ಅವನಿಗೆ ಗೊತ್ತಾದದ್ದು ಮೆಕ್ಯಾನಿಕ್ ಕೂಗಿಕೊಂಡ ಮೇಲೆ. ಬಹುಮಾನದ ಕಪ್ಪು ತೆಗೆದುಕೊಳ್ಳುವಾಗ ನಗು ಎಂದರೆ ನಗುತ್ತಿದ್ದ, ಕೈ ಎತ್ತು ಎಂದರೆ ಎತ್ತುತ್ತಿದ್ದ. ಗೆದ್ದ ಕಪ್ಪುಗಳನ್ನು ಅವ್ವ ಭೀಮವ್ವ ಅಟ್ಟಕ್ಕೆ ಹಾಕಿಬಿಟ್ಟಿದ್ದಳು. ಅವನು ಒಂದು ದಿನವೂ ಎಲ್ಲಿ ಎಂದು ಕೇಳಲಿಲ್ಲ.

ಹೀಗೇ ಏಳು ವರ್ಷ ಹೋದವು.

ಎರಡು ಸಾವಿರದ ಆರರ ಒಂದು ಭಾನುವಾರದ ಸಂಜೆ, ಮಾಂತುವಿನ ಸೊಸೈಟಿಯ ಅಂಗಳದಲ್ಲಿ ಸಪ್ನಾ ಸೈಕಲ್ ಕಲಿಯುತ್ತಿದ್ದಳು. ಮಾಂತು ಗಾಲಿಕುರ್ಚಿಯಲ್ಲಿ ಕೂತು ಎಡಕ್ಕೆ, ಬಲಕ್ಕೆ ಎಂದು ಕೂಗಿ ಹೇಳುತ್ತಿದ್ದ. ಹಳೆಯ ಚಾಳಿ, ಎಲ್ಲಿ ಹೋಗುತ್ತದೆ? ಮೊಮ್ಮಗಳನ್ನು ನೋಡಲು ಬಂದಿದ್ದ ಭೀಮವ್ವ ಕಟ್ಟೆಯ ಮೇಲೆ ಕೂತಿದ್ದಳು. ಪುಣೆಗೆ ಬಂದು ಎಷ್ಟು ಕಾಲವಾದರೂ ಅವಳ ಮರಾಠಿ ತರಕಾರಿ ಗಾಡಿಯಿಂದ ಮುಂದಕ್ಕೆ ಹೋಗಿರಲಿಲ್ಲ. ಸಿದ್ದಾರೂಢ ಗೋಡೆಗೆ ಒರಗಿ ನಿಂತಿದ್ದ.

ಸಪ್ನಾಳ ಸೈಕಲ್ ಪಾರ್ಕಿಂಗಿಗೆ ಇಳಿಯುವ ಇಳಿಜಾರಿನ ಕಡೆಗೆ ತಿರುಗಿತು. ಮಾಂತು ಗಾಬರಿಯಾಗಿ ಕೂಗಿದ. “ಖಾಲಿ! ಸಪ್ನಾ, ಖಾಲಿ!”

ಭೀಮವ್ವ ಅಂಗಳ ನೋಡಿದಳು. ಗಾಡಿ ಇಲ್ಲ, ಮಂದಿ ಇಲ್ಲ. “ಹೌದವಾ, ಖಾಲಿ ಅದ! ಹೊಡಿ, ಜೋರ ಹೊಡಿ!” ಎಂದು ಚಪ್ಪಾಳೆ ತಟ್ಟಿದಳು. ಹುಡುಗಿ ಅಜ್ಜಿಯ ಮಾತು ಕೇಳಿ ಪೆಡಲ್ ತುಳಿದಳು. ಇಳಿಜಾರಿನ ತುದಿಯಲ್ಲಿ ಕಂಬಕ್ಕೆ ಬಡಿದು ಬಿದ್ದಳು.

ಮೊಣಕಾಲು ತರಚಿತ್ತು, ಮತ್ತೇನೂ ಆಗಿರಲಿಲ್ಲ. ಸಿದ್ದಾರೂಢ ಓಡಿಹೋಗಿ ಎತ್ತಿಕೊಂಡು ಬಂದ. ಅಳು ಕೇಳಿ ರೇಣು ಅರಿಸಿನದ ಡಬ್ಬಿ ಹಿಡಿದು ಕೆಳಗೆ ಬಂದಳು. ಮಾಂತು ಅತ್ತೆಯ ಮೇಲೆ ಹಾರಾಡಿದ.

“ಅತ್ತಿ, ಬುದ್ಧಿ ಅದ ಏನ ನಿಮಗ? ನಾ ಖಾಲಿ ಖಾಲಿ ಅಂತ ಹೊಯ್ಕೊಳ್ಳಾಕತ್ತೀನಿ, ನೀವು ಹೊಡಿ ಅಂತೀರಿ?”

“ಅಯ್ಯ ನಮ್ಮಪ್ಪಾ! ನೀನ ಖಾಲಿ ಅದ ಅಂದೆಲ್ಲೋ! ಖಾಲಿ ಇದ್ರ ಹೊಡೀಬೇಕೋ ಬ್ಯಾಡೋ?”

ಮಾಂತುವಿನ ಬಾಯಿ ಅರ್ಧಕ್ಕೆ ನಿಂತಿತು. ಅತ್ತೆಯನ್ನು ನೋಡಿದ. ಇಳಿಜಾರನ್ನು ನೋಡಿದ. ಆಮೇಲೆ ನಿಧಾನವಾಗಿ ಸಿದ್ದಾರೂಢನ ಕಡೆಗೆ ತಿರುಗಿದ.

“ಸಿದ್ಯಾ. ಅವತ್ತು ನಾ ಏನಂದೆ?”

“ಇಳಕಲ ಅಂದಿ.”

“ಸಪ್ನಾನ ತಲಿ ಮ್ಯಾಲ ಕೈ ಇಟ್ಟು ಹೇಳು.”

ಕೂಸು ಅವನ ತೋಳಿನಲ್ಲೇ ಇತ್ತು. ಕೈ ಎತ್ತಿದರೆ ತಲೆ ಸಿಗುತ್ತಿತ್ತು. ಏಳು ವರ್ಷ ಸಲೀಸಾಗಿ ಬಂದ ಸುಳ್ಳು ಆಗ ಬರಲಿಲ್ಲ. ಮಗುವಿನ ತಲೆ ಮುಟ್ಟಿ ಸುಳ್ಳಾಡುವುದು ಅವನಿಂದ ಆಗುವ ಕೆಲಸವಲ್ಲ. ರೇಣುವಿನ ಕೈಯ ಅರಿಸಿನ ನೆಲಕ್ಕೆ ಚೆಲ್ಲುತ್ತಿತ್ತು, ಅವಳಿಗೆ ಗೊತ್ತಾಗಲಿಲ್ಲ.

“ಖಾಲಿ ಅಂದ್ನಿ, ಹೌದಿಲ್ಲೋ?” ಮಾಂತು ಕೇಳಿದ. ಧ್ವನಿ ಸಣ್ಣದಾಗಿತ್ತು. “ನನ್ನ ಕಾಲ ನಾನ ತಿಂದೆ. ಯಾಕ ಹೇಳಲಿಲ್ಲೋ? ದಿನಾ ಮುಂಜಾನೆ ನಿನ್ನ ಮ್ಯಾಲಿನ ಸಿಟ್ಟಿಗೇ ಏಳ್ತಿದ್ದೆ ನಾನು. ನಾಳಿಂದ ಯಾರ ಮ್ಯಾಲಿನ ಸಿಟ್ಟಿಗೆ ಏಳಲಿ? ಹೇಳು!”

ಸಿದ್ದಾರೂಢ ಸಪ್ನಾಳನ್ನು ರೇಣುವಿನ ಕೈಗೆ ಕೊಟ್ಟು ಗಾಲಿಕುರ್ಚಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತ.

“ನನ್ನ ಮ್ಯಾಲಿನ ಸಿಟ್ಟಿಗೇ ಏಳು. ನನಗೂ ಮರಾಠಿ ಬರ್ತಿತ್ತಲ್ಲೋ ಮಾಂತ್ಯಾ. ಈ ಊರಾಗ ಬೆಲ್ಲಾ ಮಾರಿದಂವಾ ನಾ. ನೀ ಅಂಜಿ ಒದರಿದ್ದು ದನಿಯಾಗೇ ಗೊತ್ತಾಗಬೇಕಿತ್ತು. ನನಗ ಬೇಕಾದ ಅರ್ಥಾ ನಾ ಹಿಡಿದೆ. ತಪ್ಪು ನಂದ ಅದ.”

ಇದು ನಿಜವೋ, ಇನ್ನೊಂದು ಸುಳ್ಳೋ, ದೇವರಾಣೆಗೂ ಅವನಿಗೇ ಗೊತ್ತಿರಲಿಲ್ಲ. ಆ ಒಂದು ಗಳಿಗೆಯಲ್ಲಿ ಯಾರ ಮನಸ್ಸಿನಲ್ಲಿ ಏನಿತ್ತೆಂದು ಈಗ ಯಾರು ತೂಗಿ ಹೇಳಬೇಕು? ಅವನಿಗೆ ಬೇಕಾಗಿದ್ದದ್ದು ಒಂದೇ, ಮಾಂತು ಬೈಯಬೇಕು.

“ಬೈಯೋ,” ಎಂದ. “ಬೈ. ಸುಮ್ಮನ ಕೂಡಬ್ಯಾಡ.”

ಮಾಂತು ಬಾಯಿ ತೆರೆದ. ಅಷ್ಟು ವರ್ಷ ನಲ್ಲಿಯ ನೀರಿನಂತೆ ಸುರಿಯುತ್ತಿದ್ದ ಬೈಗುಳ ಒಂದೂ ಬರಲಿಲ್ಲ. ಸಿದ್ದಾರೂಢನ ಹೆಗಲ ಮೇಲೆ ಕೈ ಇಟ್ಟು, ತೆಗೆದ.

“ಸಿದ್ದಾರೂಢ, ಈಗ ನೀ ಮನಿಗೆ ಹೋಗು,” ಎಂದ.

ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಆ ಪೂರ್ತಿ ಹೆಸರು ಬಂದಿರಲಿಲ್ಲ. ಗಾಲಿಕುರ್ಚಿ ತಿರುಗಿಸಿಕೊಂಡು ಲಿಫ್ಟಿನ ಕಡೆಗೆ ಹೋದ. ಹಿಂದೆ ರೇಣು, ಭೀಮವ್ವ, ಅಳು ನಿಲ್ಲಿಸಿದ ಸಪ್ನಾ.

ಸಿದ್ದಾರೂಢ ಎದ್ದು ಗೇಟಿನವರೆಗೆ ನಡೆದ. ಅಲ್ಲಿ ವಾಚ್‌ಮನ್‌ನ ಸ್ಟೂಲಿನ ಮೇಲೆ ಕೂತ, ಮುಖ ಮುಚ್ಚಿಕೊಳ್ಳದೆ, ಗಟ್ಟಿಯಾಗಿ ಅತ್ತ. ಏಳು ವರ್ಷದ ಮೇಲೆ ಮೊದಲ ಸಲ ಎಲ್ಲ ಕಡೆಯೂ ನೋಯುತ್ತಿತ್ತು.