ಸ್ವಲ್ಪ ಜೋಮು

ನಮ್ಮ ಆಸ್ಪತ್ರೆಯ ಕ್ಯಾನ್ಸರ್ ವಿಭಾಗದ ಮುಖ್ಯಸ್ಥರಿಗೆ ನಾವು ನರ್ಸ್‌ಗಳು ಇಟ್ಟ ಹೆಸರು ಸ್ಲೈಡಪ್ಪ. ಎದುರಿಗೆ ಸರ್, ಬೆನ್ನ ಹಿಂದೆ ಸ್ಲೈಡಪ್ಪ. ಯಾವ ಸಮ್ಮೇಳನ ಎಲ್ಲಿ ನಡೆದರೂ ತೋರಿಸಲು ಅವರ ಬಳಿ ಸ್ಲೈಡುಗಳು ತಯಾರಿರುತ್ತಿದ್ದವು. ರೋಗಿಯ ಮಂಚದ ಪಕ್ಕ ಎರಡು ನಿಮಿಷ ನಿಲ್ಲಲು ಪುರುಸೊತ್ತಿಲ್ಲದ ಮನುಷ್ಯ, ಗ್ರಾಫಿನ ಗೆರೆ ನೀಲಿ ಇರಬೇಕೋ ಹಸಿರು ಇರಬೇಕೋ ಎಂದು ಅರ್ಧ ದಿನ ತಲೆ ಕೆಡಿಸಿಕೊಳ್ಳುತ್ತಿದ್ದರು.

ನಾನು ಅವರ ಔಷಧ ಪ್ರಯೋಗದ ನರ್ಸ್. ಅಂಡಾಶಯದ ಕ್ಯಾನ್ಸರ್ ಹೊಟ್ಟೆಯೆಲ್ಲ ಹರಡಿ, ಒಮ್ಮೆ ಆಪರೇಷನ್ನೂ ಕೀಮೋಥೆರಪಿಯೂ ಮುಗಿದು, ಆಮೇಲೆ ಮತ್ತೆ ರೋಗ ತಲೆಯೆತ್ತಿದ ಹೆಂಗಸರು ನಮ್ಮಲ್ಲಿಗೆ ಬರುತ್ತಿದ್ದರು. ಅವರಿಗೆ ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಹಳೆಯ ಔಷಧ, ದಿನಕ್ಕೆ ಎರಡು ಹೊತ್ತು ಹೊಸ ಮಾತ್ರೆ. ಎರಡೂ ಜೊತೆಗೂಡಿದರೆ ಹೆಚ್ಚು ಕೆಲಸ ಮಾಡುತ್ತವೆಯೇ, ಮಾಡಿದರೂ ದೇಹ ಅದನ್ನು ತಡೆದುಕೊಳ್ಳುತ್ತದೆಯೇ ಎಂಬುದು ಪ್ರಶ್ನೆ. ಮೊದಲರ್ಧಕ್ಕೆ ರಕ್ತಪರೀಕ್ಷೆಯೂ ಸ್ಕ್ಯಾನೂ ಉತ್ತರ ಕೊಡುತ್ತಿದ್ದವು. ಉಳಿದರ್ಧಕ್ಕೆ ಉತ್ತರ ನನ್ನ ಫಾರಂನಲ್ಲಿ ಇರಬೇಕು. ವಾಂತಿ ಎಷ್ಟು ಸಲ, ಭೇದಿ ಎಷ್ಟು ಸಲ, ಕೈಕಾಲು ಜೋಮು ಹಿಡಿಯುತ್ತದೆಯೇ ಎಂದು ಕೇಳಿ ಬರೆದು, ಪ್ರತಿಯೊಂದಕ್ಕೂ ಒಂದರಿಂದ ಐದರೊಳಗೆ ಒಂದು ಗ್ರೇಡ್ ಹಾಕಬೇಕು. ಗ್ರೇಡ್ ಹೇಳುವುದು ಡಾಕ್ಟರು, ಬರೆಯುವುದು ನಾನು. ಐದು ಎಂದರೆ ಸಾವು. ಅದೊಂದನ್ನು ಕಡಿಮೆ ಮಾಡಿ ಬರೆಯುವ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲ.

ಪ್ರಯೋಗಕ್ಕೆ ಹದಿನೇಳನೆಯವರಾಗಿ ಬಂದವರು ಒಬ್ಬ ಟೈಲರ್. ಅರವತ್ತೊಂದು ವರ್ಷ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಮೂವತ್ತನಾಲ್ಕು ವರ್ಷ ಅಂಗಡಿ ಇಟ್ಟು, ಗಂಡಸರ ಕೋಟು ಹೊಲಿದವರು. ವಾರ್ಡಿನಲ್ಲಿ ಎಲ್ಲರಿಗೂ ಟೈಲರಮ್ಮ. ಮೊದಲನೆಯ ದಿನ ಸ್ಲೈಡಪ್ಪ ತಮ್ಮ ಬಿಳಿ ಕೋಟಿನಲ್ಲಿ ಬಂದು ನಿಂತಾಗ, ಇವರು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದರು.

"ಡಾಕ್ಟ್ರೇ, ಈ ಕೋಟು ಹೊಲಿದವರು ಯಾರು?"

"ಯಾಕಮ್ಮ?"

"ಎಡಗಡೆ ಭುಜ ಇಳಿದಿದೆ. ಇಳಿದಿರೋದು ನಿಮ್ದೋ ಕೋಟಿಂದೋ ಗೊತ್ತಾಗ್ತಿಲ್ಲ."

ಹಿಂದೆ ನಿಂತಿದ್ದ ಕಿರಿಯ ಡಾಕ್ಟರುಗಳು ಕೆಮ್ಮಿದರು. ಸ್ಲೈಡಪ್ಪ ದೊಡ್ಡ ಮನಸ್ಸಿನವರ ಹಾಗೆ ನಕ್ಕು, ಬಾಗಿಲು ದಾಟಿದ ಮೇಲೆ ಭುಜ ಸರಿ ಮಾಡಿಕೊಂಡರು.

ಔಷಧ ಕೆಲಸ ಮಾಡಿತು. ಅದನ್ನು ಮಾತ್ರ ಯಾರೂ ಅಲ್ಲಗಳೆಯುವಂತಿಲ್ಲ. ಕ್ಯಾನ್ಸರಿನ ಏರಿಳಿತ ತೋರಿಸುವ ರಕ್ತದ ಅಂಕಿ ಎಂಟುನೂರ ನಲವತ್ತು ಇದ್ದದ್ದು ಎಂಟು ವಾರದಲ್ಲಿ ಅರವತ್ತಕ್ಕೆ ಇಳಿಯಿತು. ಹೊಟ್ಟೆಯಲ್ಲಿ ತುಂಬಿಕೊಳ್ಳುತ್ತಿದ್ದ ನೀರು ನಿಂತಿತು. ಟೈಲರಮ್ಮ ಮೆಟ್ಟಿಲು ಹತ್ತಿ ಬರತೊಡಗಿದರು. ಸ್ಲೈಡಪ್ಪನ ಖುಷಿ ಕೇಳಬೇಕೇ? ಟೈಲರಮ್ಮ ಹೋಗಿ 'ರೋಗಿ ಹದಿನೇಳು' ಆಗಿ, ನೀಲಿ ಗೆರೆಯಾಗಿ, ಒಂದು ಸ್ಲೈಡಿನ ತುಂಬ ಇಳಿಜಾರಾದರು.

ಆದರೆ ಆರನೆಯ ವಾರದಿಂದಲೇ ಅವರು ಬೆರಳಿನ ಮಾತು ತೆಗೆದಿದ್ದರು.

"ಸೂಜಿ ಕೈಲಿದೆಯೋ ಇಲ್ವೋ ಅಂತ ಕಣ್ಣಲ್ಲಿ ನೋಡಿ ತಿಳ್ಕೋಬೇಕು ಸಿಸ್ಟರ್. ಮೊನ್ನೆ ಬೆರಳಿಗೆ ಚುಚ್ಕೊಂಡು ರಕ್ತ ಬಂದ ಮೇಲೆ ಗೊತ್ತಾಯ್ತು."

ನಾನು ಸ್ಲೈಡಪ್ಪನಿಗೆ ಹೇಳಿದೆ. ಅವರು ಮೊಬೈಲಿನಿಂದ ಕಣ್ಣೆತ್ತದೆ, "ಸ್ವಲ್ಪ ಜೋಮು. ಗ್ರೇಡ್ ಒಂದು" ಎಂದರು. ಒಂಬತ್ತನೆಯ ವಾರ ಟೈಲರಮ್ಮನ ಕೈಯಿಂದ ಲೋಟ ಜಾರಿ ನನ್ನ ಕಣ್ಣೆದುರೇ ಒಡೆಯಿತು. ಮತ್ತೆ ಸ್ಲೈಡಪ್ಪನ ಬಳಿ ಹೋದೆ. "ನೀನೂ ಬಿಡಲ್ಲ. ಹೋಗ್ಲಿ, ಎರಡು ಹಾಕು" ಎಂದರು, ತರಕಾರಿಯವಳಿಗೆ ಚೌಕಾಸಿಯಲ್ಲಿ ಸೋತುಕೊಟ್ಟವರ ಹಾಗೆ.

ಮೂರು ಏಕೆ ಬೇಡ ಎಂಬುದು ನನಗೆ ಗೊತ್ತಿತ್ತು. ತನ್ನ ಬಟ್ಟೆ ತಾನು ಹಾಕಿಕೊಳ್ಳಲು, ತನ್ನ ಅನ್ನ ತಾನು ಉಣ್ಣಲು ಆಗದಿದ್ದರೆ ಅದು ಗ್ರೇಡ್ ಮೂರು. ಮೂರಾದರೆ ಡ್ರಿಪ್ ನಿಲ್ಲಿಸಬೇಕು, ಆಮೇಲೆ ಪ್ರಮಾಣ ಇಳಿಸಬೇಕು, ಹೊಸ ಮಾತ್ರೆ ತಯಾರಿಸುವ ಕಂಪನಿಗೆ ವರದಿ ಹೋಗಬೇಕು. ಮೂರರ ಕಾಲಂ ಖಾಲಿ ಇದ್ದಷ್ಟೂ ಸ್ಲೈಡು ಚಂದ.

ಟೈಲರಮ್ಮನ ಒಬ್ಬಳೇ ಮಗಳು ಅಂಚೆ ಕಚೇರಿಯಲ್ಲಿ ಗುಮಾಸ್ತೆ. ಒಂದು ದಿನ ಕಾರಿಡಾರಿನ ಕಾಫಿ ಯಂತ್ರದ ಹತ್ತಿರ ನನ್ನನ್ನು ತಡೆದಳು.

"ಸಿಸ್ಟರ್, ಅಮ್ಮ ಹೇಳೋದನ್ನೆಲ್ಲ ಬರ್ಕೋಬೇಡಿ. ಸರ್ ಹತ್ರಾನೂ ಹೇಳಿದೀನಿ. ಜಾಸ್ತಿ ಬರೆದ್ರೆ ಔಷಧ ಕಮ್ಮಿ ಮಾಡ್ತಾರಂತೆ."

"ಅವ್ರ ಬೆರಳು..."

"ಬೆರಳು ಹೋದ್ರೆ ಹೋಗ್ಲಿ! ಅಮ್ಮ ಇರ್ಲಿ!" ಎಂದವಳೇ ಮುಖ ಆ ಕಡೆ ತಿರುಗಿಸಿದಳು.

ಅವಳ ಮೇಲೆ ನನಗೆ ತಿರಸ್ಕಾರ ಬರಲಿಲ್ಲ. ಬಂದದ್ದು ನನ್ನ ಮೇಲೆಯೇ. ಬರೆಯುತ್ತಿದ್ದ ಸುಳ್ಳಿಗೆ ಒಂದು ಮರ್ಯಾದಸ್ಥ ಕಾರಣ ಸಿಕ್ಕಿತಲ್ಲ ಎಂದು ಆ ದಿನ ನನಗೆ ಒಳಗೊಳಗೇ ಹಗುರವಾಗಿತ್ತು.

ಹನ್ನೊಂದನೆಯ ವಾರ ಟೈಲರಮ್ಮ ಬಂದಾಗ ಅವರ ಸ್ವೆಟರಿನ ಗುಂಡಿಗಳು ಒಂದು ಮನೆ ತಪ್ಪಿ ಕೂತಿದ್ದವು, ಕೆಳಗಿನ ಎರಡು ಬಿಚ್ಚಿಕೊಂಡೇ ಇದ್ದವು. ಬದುಕಿಡೀ ಊರಿನವರ ಗುಂಡಿ ನೋಡಿ ಮೂಗು ಮುರಿದ ಹೆಂಗಸು.

"ದಿನಾ ಮಗಳು ಹಾಕ್ತಾಳೆ. ಇವತ್ತು ಅವಳು ಬೇಗ ಹೋದ್ಲು" ಎಂದರು. ಆಮೇಲೆ, ಡ್ರಿಪ್ ಹಾಕಿಸಿಕೊಂಡು ಕೂತಿದ್ದವರು, ಇದ್ದಕ್ಕಿದ್ದಂತೆ, "ನನ್ನ ಬೆರಳಿನ ವಿಷಯ ನೀನು ಏನಂತ ಬರ್ದಿದ್ದೀಯ, ತೋರ್ಸು" ಎಂದರು.

ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದೆ. ಸುಳ್ಳು ಹೇಳಲು ಆ ಹೊತ್ತಿಗೆ ಬೇಜಾರಾಗಿತ್ತು.

"ಸ್ವಲ್ಪ ಜೋಮು," ಓದಿದರು. "ಈ ಸ್ವಲ್ಪ ಯಾರ್ದು? ನಿಂದಾ, ಅವ್ರದ್ದಾ?"

"ಅವ್ರು ಹೇಳಿದ್ರು. ನಾನು ಬರೆದೆ."

"ನನ್ನ ಅಂಗಡೀಲೂ ಒಬ್ಳು ಇದ್ಲು. ನಾನು ಟೇಪ್ ಹಿಡಿದು ನಲವತ್ತು ಅಂದ್ರೆ ಮೂವತ್ತೆಂಟು ಅಂತ ಬರೀತಿದ್ಲು. ಯಾಕೇ ಅಂದ್ರೆ, ದಪ್ಪ ಅಂದ್ರೆ ಗಿರಾಕಿಗೆ ಬೇಜಾರಾಗತ್ತೆ ಅನ್ನೋಳು. ಕೋಟು ಹಾಕ್ಕೊಳೋ ದಿನ ಬೇಜಾರಾಗಲ್ವಾ? ಮೂರೇ ದಿನಕ್ಕೆ ಮನೆಗೆ ಕಳಿಸ್ದೆ." ಮತ್ತೆ ಪರದೆಯ ಕಡೆ ನೋಡಿ ಹೇಳಿದರು, "ನಾಳೆ ಈ ಔಷಧಾನ ಇನ್ಯಾರಿಗೋ ಕೊಡ್ತೀರಿ. ನನ್ನ ಅಳತೆ ನೋಡ್ಕೊಂಡು ತಾನೇ? ಅವ್ಳೂ ಟೈಲರೇ ಆಗಿದ್ರೆ? ಪಿಟೀಲು ಬಾರ್ಸೋಳಾಗಿದ್ರೆ? ನಾನು ಇಲ್ಲಿ ಬಂದು ಚುಚ್ಚಿಸ್ಕೋತಿರೋದು ನಿಮ್ಮ ಸಾಹೇಬ್ರ ಚಂದಕ್ಕಾ?"

ಮುಖಕ್ಕೆ ಉಗಿದಿದ್ದರೆ ಒರೆಸಿಕೊಂಡು ಹೋಗುತ್ತಿದ್ದೆ. ಅವರು ಉಗಿಯಲಿಲ್ಲ. ಕೋಟಿನ ಕೆಟ್ಟ ಹೊಲಿಗೆ ನೋಡುವ ಹಾಗೆ ನನ್ನನ್ನು ನೋಡಿ, ಕಿಟಕಿಯ ಕಡೆ ತಿರುಗಿದರು.

ನಾನು ಮೆಲ್ಲಗೆ, "ಬರೋ ಗುರುವಾರ ಕಂಪನಿಯಿಂದ ತಪಾಸಣೆಗೆ ಬರ್ತಾರೆ, ಹನ್ನೊಂದು ಗಂಟೆಗೆ, ಕಡತದ ಕೋಣೇಲಿ ಕೂತಿರ್ತಾರೆ" ಎಂದೆ. ಇಡೀ ಪ್ರಕರಣದಲ್ಲಿ ಅಷ್ಟರವರೆಗೆ ನಾನು ತೋರಿಸಿದ ಧೈರ್ಯ ಇಷ್ಟೇ.

ತಪಾಸಣೆಗೆ ಬರುತ್ತಿದ್ದವಳದು ಇನ್ನೊಂದು ಕಥೆ. ಆರು ವಾರಕ್ಕೊಮ್ಮೆ ಚಕ್ರದ ಪೆಟ್ಟಿಗೆ ಎಳೆದುಕೊಂಡು ಬಂದು, ತಾರೀಕು, ಸಹಿ, ಪುಟಸಂಖ್ಯೆ ನೋಡಿ ಹೋಗುವಳು. ಒಮ್ಮೆ ನಾನು ಕಪ್ಪು ಶಾಯಿಯ ಬದಲು ನೀಲಿಯಲ್ಲಿ ಸಹಿ ಮಾಡಿದ್ದೆನೆಂದು ಎರಡು ಪುಟದ ವಿವರಣೆ ಬರೆಸಿಕೊಂಡಿದ್ದಳು. ಕಾರಿಡಾರಿನಲ್ಲಿ ಸಾಲಾಗಿ ಕೂತ ಹೆಂಗಸರ ಕಡೆ ಅವಳ ಕಣ್ಣು ಹೋದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ.

ಗುರುವಾರ ಟೈಲರಮ್ಮ ಬಾಗಿಲು ತಟ್ಟದೆ ಒಳಗೆ ಬಂದರು. ಹಿಂದೆ ಗಾಬರಿಯಲ್ಲಿ ಮಗಳು.

"ರೋಗಿಗಳು ಇಲ್ಲಿ ಬರೋ ಹಾಗಿಲ್ಲ" ಎಂದಳು ತಪಾಸಣೆಯವಳು.

"ರೋಗಿಗಳಿಲ್ದೆ ಈ ಕೋಣೆ ಯಾಕಿದೆ?" ಎಂದು ಟೈಲರಮ್ಮ ಕುರ್ಚಿ ಎಳೆದುಕೊಂಡು ಕೂತರು. ಚೀಲದಿಂದ ಒಂದು ಉದ್ದನೆಯ ಬಿಳಿ ಬಟ್ಟೆಯ ಪಟ್ಟಿ ತೆಗೆದು ಕಡತಗಳ ಮೇಲೆ ಹಾಸಿದರು. ಅದರ ಮೇಲೆ ಹನ್ನೆರಡು ಕಾಜಾಗಳು, ಅಂದರೆ ಗುಂಡಿ ತೂರಿಸುವ ಕಿಂಡಿಗಳು. ಔಷಧ ಶುರುವಾದಂದಿನಿಂದ, ಕೈ ಮರೆಯಬಾರದೆಂದು, ವಾರಕ್ಕೊಂದರಂತೆ ಕೈಯಲ್ಲಿ ಹೊಲಿದದ್ದು. ಮೊದಲ ನಾಲ್ಕು ಅಚ್ಚಿನಲ್ಲಿ ಒತ್ತಿದ ಹಾಗಿದ್ದವು. ಆರನೆಯದರಲ್ಲಿ ದಾರ ಏರುಪೇರು. ಒಂಬತ್ತನೆಯದು ಬಾಯಿ ಬಿಟ್ಟುಕೊಂಡಿತ್ತು. ಹನ್ನೆರಡನೆಯದರಲ್ಲಿ ಬರೀ ಗಂಟು, ಒಣಗಿದ ರಕ್ತದ ಚುಕ್ಕೆ.

ಅಷ್ಟರಲ್ಲಿ ಯಾರೋ ಸುದ್ದಿ ಮುಟ್ಟಿಸಿದ್ದರಿಂದ ಸ್ಲೈಡಪ್ಪ ಓಡಿಬಂದರು. ಪಟ್ಟಿ ನೋಡಿದರು. ಬುದ್ಧಿವಂತರಲ್ಲವೇ, ತಕ್ಷಣ ದಾರಿ ಕಂಡುಕೊಂಡರು.

"ನೋಡಿ, ಹೊಲಿಗೆ ಅನ್ನೋದು ಕಸುಬು. ಕಸುಬಿಗೆ ತೊಂದ್ರೆ ಆದ್ರೆ ಅದು ಗ್ರೇಡ್ ಎರಡೇ. ನಿಯಮದಲ್ಲೇ ಇದೆ. ನಾವು ಎರಡು ಅಂತಾನೇ ಬರ್ದಿದೀವಿ."

ತಪಾಸಣೆಯವಳು ತಲೆಯಾಡಿಸಿದಳು. ನಿಯಮ ಎಂಬ ಶಬ್ದ ಕಿವಿಗೆ ಬಿದ್ದರೆ ಅವಳ ತಲೆ ತಾನಾಗಿ ಆಡುತ್ತಿತ್ತು.

"ಹಾಗಾ?" ಎಂದರು ಟೈಲರಮ್ಮ. ಅಂದು ಮಗಳು ಹಾಕಿಕೊಟ್ಟಿದ್ದ ಸ್ವೆಟರಿನ ಎರಡೂ ಅಂಚು ಹಿಡಿದು ಜಗ್ಗಿದರು. ಆರು ಗುಂಡಿಗಳೂ ಟಪಟಪ ಬಿಚ್ಚಿಕೊಂಡವು. "ಈಗ ನಾನು ಇದನ್ನ ಹಾಕ್ಕೋತೀನಿ. ಎಲ್ರೂ ನೋಡ್ತಿರಿ."

ಮೊದಲನೆಯ ಗುಂಡಿಯನ್ನು ಬೆರಳು ಹುಡುಕಿತು, ಸಿಕ್ಕಿತು, ಜಾರಿತು. ಮತ್ತೆ ಹುಡುಕಿತು. ಅವರ ಹಣೆಯಲ್ಲಿ ಬೆವರು ಮೂಡಿತು. ನಾನು ಗೋಡೆಯ ಗಡಿಯಾರ ನೋಡಿಕೊಂಡೆ. ಸ್ಲೈಡಪ್ಪ ಮೊಬೈಲು ತೆಗೆದು ನೋಡಿ ಒಳಗಿಟ್ಟರು, ಮತ್ತೆ ತೆಗೆದರು. ಮೂರನೆಯ ಗುಂಡಿಯ ಹತ್ತಿರ ಮಗಳು ತಡೆಯಲಾಗದೆ ಮುಂದೆ ಬಂದಳು.

"ಮುಟ್ಬೇಡ ಕಣೇ."

"ಅಮ್ಮಾ, ಸಾಕು. ನಿನ್ನ ಕಾಲಿಗೆ ಬೀಳ್ತೀನಿ."

"ಮುಟ್ಬೇಡ ಅಂದೆ."

ಹನ್ನೊಂದು ನಿಮಿಷದಲ್ಲಿ ಎರಡು ಗುಂಡಿ. ಆಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, "ಇದು ಯಾರ ಕಸುಬು ಡಾಕ್ಟ್ರೇ?" ಎಂದು ಕೇಳಿದರು.

ನನ್ನ ಬಾಯಿಂದ ಮಾತು ಹೊರಬಿತ್ತು. "ಗ್ರೇಡ್ ಮೂರು. ಹೋದ ವಾರದಿಂದ್ಲೇ ಮೂರು. ಕಮ್ಮಿ ಬರೆದದ್ದು ನಾನು. ಇವ್ರೊಬ್ರದ್ದೇ ಅಲ್ಲ, ಬೇರೆ ರೋಗಿಗಳದ್ದೂ."

"ಸಿಸ್ಟರ್!" ಎಂದರು ಸ್ಲೈಡಪ್ಪ. ಆ ಒಂದು ಶಬ್ದದಲ್ಲಿ ಎಷ್ಟು ನೋವು! ರೋಗಿಗಳಿಗಾಗಿ ಅವರು ಅಷ್ಟು ನೊಂದದ್ದನ್ನು ನಾನು ಕಂಡಿರಲಿಲ್ಲ.

ತಪಾಸಣೆಯವಳು ಪೆನ್ನು ತೆಗೆದಳು. ಕಪ್ಪು ಶಾಯಿಯದು. ಎಲ್ಲ ಕಡತಗಳನ್ನೂ ಮತ್ತೆ ತೆಗೆಸಿದಳು, ಹೆಂಗಸರನ್ನು ಒಬ್ಬೊಬ್ಬರಾಗಿ ಕರೆಸಿ ತಾನೇ ಕೂತು ಕೇಳಿಸಿಕೊಂಡಳು. ಇನ್ನೂ ಎಂಟು ಜನರ ಗ್ರೇಡ್ ತಿದ್ದಬೇಕಾಯಿತು. ನನ್ನನ್ನು ಒಂದು ತಿಂಗಳು ಬೆಡ್‌ಶೀಟ್ ಎಣಿಸಲು ಹಾಕಿದರು. ಯಾವ ಕಡತ ಎಲ್ಲಿದೆ ಎಂದು ಬೇರೆ ಯಾರಿಗೂ ತಿಳಿಯದ್ದರಿಂದ ವಾಪಸ್ ಕರೆದರು.

ಟೈಲರಮ್ಮನ ಡ್ರಿಪ್ ಮೂರು ವಾರ ನಿಂತು, ಆಮೇಲೆ ಕಡಿಮೆ ಪ್ರಮಾಣದಲ್ಲಿ ಶುರುವಾಯಿತು. ಮಗಳು ನಾಲ್ಕು ದಿನ ತಾಯಿಯ ಜೊತೆ ಮಾತು ಬಿಟ್ಟಳಂತೆ. ಬೆಳಿಗ್ಗೆ ಬಂದು ಗುಂಡಿ ಹಾಕುವಳು, ಬಾಯಿ ಬಿಡುವುದಿಲ್ಲ. ಮುಂದಿನ ರಕ್ತಪರೀಕ್ಷೆಯ ದಿನ ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು. ಅಂಕಿ ಐವತ್ತೆರಡು. ಅದರ ಮುಂದಿನ ತಿಂಗಳು ಮೂವತ್ತೆಂಟು. ಪ್ರಮಾಣ ಇಳಿಸಿದರೂ ಔಷಧದ ಬಲ ಇಳಿದಿರಲಿಲ್ಲ. ಆ ದಿನ ತಾಯಿ ಮಗಳು ಕ್ಯಾಂಟೀನಿನಲ್ಲಿ ಕೂತು, ಯಾರ ಹಟ ದೊಡ್ಡದು ಎಂದು ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಜಗಳವಾಡಿದರು. ಬೆರಳು ಅರ್ಧಕ್ಕರ್ಧ ಸರಿಹೋಯಿತು. ಅಂಗಡಿಯ ಬಾಗಿಲನ್ನು ಮಾತ್ರ ಮತ್ತೆ ತೆರೆಯಲಿಲ್ಲ.

ಸ್ಲೈಡಪ್ಪನಿಗೆ ಏನಾಯಿತು ಎಂದು ಕೇಳುತ್ತೀರಿ. ಏನೂ ಆಗಲಿಲ್ಲ. ಸಮ್ಮೇಳನಕ್ಕೆ ಹೋದರು. ತಿದ್ದಿದ ಗ್ರೇಡುಗಳ ಪಟ್ಟಿಯನ್ನೇ ತೋರಿಸಿ, ಅಡ್ಡಪರಿಣಾಮಗಳನ್ನು ಮುಚ್ಚಿಡದೆ ದಾಖಲಿಸುವುದೇ ತಮ್ಮ ಕೇಂದ್ರದ ಹೆಗ್ಗಳಿಕೆ ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಎದ್ದು ಊಟಕ್ಕೆ ಹೋದೆ.

ಹದಿನಾಲ್ಕು ತಿಂಗಳಿಗೆ ಟೈಲರಮ್ಮನ ಅಂಕಿ ಮತ್ತೆ ಏರಿತು. ಅಷ್ಟರಲ್ಲಿ ಸ್ಲೈಡಪ್ಪ ಹೊಸ ಪ್ರಯೋಗ ಹಿಡಿದಿದ್ದರು, ಬೇರೆ ಜೋಡಿ ಔಷಧ. ಅದಕ್ಕೆ ರೋಗಿಗಳು ಸಿಗುತ್ತಿರಲಿಲ್ಲ. ಹಾಗಾಗಿ ಒಪ್ಪಿಗೆ ಪತ್ರ ಹಿಡಿದುಕೊಂಡು ತಾವೇ ಟೈಲರಮ್ಮನ ಮಂಚದ ಹತ್ತಿರ ಬಂದರು. ಇಪ್ಪತ್ತಾರು ಪುಟ.

"ಕೊನೇ ಪುಟದಲ್ಲಿ ಒಂದು ಸಹಿ ಅಷ್ಟೇ ಅಮ್ಮ."

"ಪುಟ ತಿರುವೋಕೆ ಬೆರಳು ಸರಿಯಿಲ್ಲ. ನೀವೇ ಓದಿ ಹೇಳಿ."

"ಸಿಸ್ಟರ್ ಓದ್ತಾರೆ."

"ಸಿಸ್ಟರ್ ಬೇಡ. ಔಷಧ ಕೊಡೋರು ನೀವು."

ಸ್ಲೈಡಪ್ಪ ಕುರ್ಚಿಯಲ್ಲಿ ಕೂತರು. ಆ ವಾರ್ಡಿನಲ್ಲಿ ಅವರು ಕೂತದ್ದನ್ನು ಕಂಡವರು ಯಾರೂ ಇರಲಿಲ್ಲ. ಎರಡನೆಯ ಪುಟಕ್ಕೆ ಕನ್ನಡಕ ಸರಿಮಾಡಿಕೊಂಡರು. ಏಳನೆಯದಕ್ಕೆ ನೀರು ಕೇಳಿದರು. ಒಂಬತ್ತನೆಯ ಪುಟದಲ್ಲಿ ತಮ್ಮದೇ ಪತ್ರದ ಒಂದು ವಾಕ್ಯ ತಮಗೇ ಅರ್ಥವಾಗದೆ, ಕಿರಿಯ ಡಾಕ್ಟರನ್ನು ಕರೆಸಿ ಕೇಳಿದರು. ಅವನಿಗೂ ಅರ್ಥವಾಗಲಿಲ್ಲ. ಅಕ್ಕಪಕ್ಕದ ಮಂಚದವರು ದಿಂಬು ಒರಗಿಸಿಕೊಂಡು ಕೇಳುತ್ತಿದ್ದರು. ಟೈಲರಮ್ಮ ಕಣ್ಣು ಮುಚ್ಚಿದ್ದರು. ನಿದ್ದೆ ಹೋದರೆಂದು ಸ್ಲೈಡಪ್ಪ ಎರಡು ಪುಟ ಒಟ್ಟಿಗೆ ತಿರುವಿದ ಕೂಡಲೇ, "ಮಧ್ಯೆ ಒಂದು ಬಿಟ್ಟಿರಿ" ಎಂದರು ಟೈಲರಮ್ಮ.

ಬಿಟ್ಟ ಪುಟದಲ್ಲಿ ಹೀಗಿತ್ತು: ಕೈಕಾಲುಗಳ ಸ್ಪರ್ಶಜ್ಞಾನ ಶಾಶ್ವತವಾಗಿ ನಷ್ಟವಾಗುವ ಸಾಧ್ಯತೆಯಿದೆ.

"ಅದನ್ನ ಇನ್ನೊಂದ್ಸಲ ಓದಿ ಡಾಕ್ಟ್ರೇ," ಎಂದರು ಟೈಲರಮ್ಮ, ಕಣ್ಣು ತೆರೆಯದೆ. "ನಿಧಾನಕ್ಕೆ."