ಎರಡು ಸಾಲು ಕಡಿಮೆ

ಎರಡನೆಯ ಏಟಿಗೆ ಮಾವನ ಕನ್ನಡಕ ಹಾರಿ ತಗಡು ಒತ್ತುವ ಪ್ರೆಸ್ಸಿನ ಬುಡಕ್ಕೆ ಬಿತ್ತು. ಮೂರನೆಯದು ಬಾಯಿಗೆ. ಹೊಡೆಯುತ್ತಿದ್ದವನು ವೆಲ್ಡರ್. ಆಗಷ್ಟೇ ಅವನ ತಮ್ಮನನ್ನು ಆಸ್ಪತ್ರೆಗೆ ಸಾಗಿಸಿದ್ದರು. ಮಣಿಕಟ್ಟಿನಿಂದಾಚೆ ಅವನ ಬಲಗೈ ಉಳಿದಿರಲಿಲ್ಲ. ಅಚ್ಚಿನ ಮೇಲಿನ ರಕ್ತ ಇನ್ನೂ ಹೆಪ್ಪುಗಟ್ಟಿರಲಿಲ್ಲ. ಶೆಡ್ಡಿನವರೆಲ್ಲ ಸುತ್ತ ನಿಂತಿದ್ದರು. ಬಿಡಿಸಲು ಯಾರೂ ಬರಲಿಲ್ಲ.

ಅವಳು ಮಾವನ ಅಕ್ಕನ ಮಗಳು. ಪ್ರೋಗ್ರಾಂ ಬರೆಯುವ ಕೆಲಸ ಕಲಿತದ್ದೂ ಅವರ ಕೈಕೆಳಗೇ. ನಡುವೆ ನುಗ್ಗಹೋದವಳನ್ನು ಯಾರೋ ತಳ್ಳಿದರು. ಬೆನ್ನು ಮೇಜಿಗೆ ಬಡಿಯಿತು. ಮೇಜಿನ ಮೇಲೆ ತೆರೆದಿದ್ದ ಲ್ಯಾಪ್‌ಟಾಪಿನಲ್ಲಿ ಪ್ರೆಸ್ಸನ್ನು ನಡೆಸುವ ಪ್ರೋಗ್ರಾಂ ಇತ್ತು. ಜಗಳವೂ ಅದರದೇ. ಎರಡು ಗುಂಡಿಗಳನ್ನು ಎರಡೂ ಕೈಗಳಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯಬೇಕು. ಆಗ ಕೈ ಒಳಗಿರುವ ಪ್ರಶ್ನೆಯೇ ಬರುವುದಿಲ್ಲ. ಇವತ್ತು ವೆಲ್ಡರನ ತಮ್ಮ ಎಡಗೈಯನ್ನು ಗುಂಡಿಯ ಮೇಲೆ ಊರಿ, ಬಲಗೈಯಿಂದ ತಗಡು ಸರಿಪಡಿಸುತ್ತಿದ್ದಾಗ ಅದು ಒಂದೇ ಗುಂಡಿಗೆ ಇಳಿದಿತ್ತು.

"ನನ್ನ ಪ್ರೋಗ್ರಾಂ ಸರಿ ಇದೆ," ಎಂದರು ಮಾವ, ರಕ್ತ ಉಗುಳುತ್ತ. "ನಿನ್ನ ತಮ್ಮ ಇನ್ನೊಂದು ಗುಂಡಿಗೆ ಬಟ್ಟೆ ಬಿಗಿದು ಕಟ್ಟಿರ್ತಾನೆ. ಬೇಗ ಮುಗಿಸಿ ಮನೆಗೆ ಹೋಗೋ ಆಸೆ."

ವೆಲ್ಡರ್ ಅವರ ಕತ್ತಿನ ಪಟ್ಟಿ ಹಿಡಿದು ಕಂಬಕ್ಕೆ ಗುದ್ದಿದ. "ಅವನು ನಿನ್ನನ್ನ ಸಾರ್ ಸಾರ್ ಅಂತಿದ್ದ. ಅವನ ಮೇಲೇ ಹಾಕ್ತೀಯಾ?"

ಯಾರ ಮಾತು ನಂಬುವುದೆಂದು ಸುತ್ತಲಿನವರು ಅನುಮಾನದಲ್ಲಿದ್ದರು. ಏಕೆಂದರೆ ಈ ಶೆಡ್ಡಿನಲ್ಲಿ ಮಾವನ ಅಡ್ಡಹೆಸರು ಬೆರಳಪ್ಪ, ಬೆರಳು ಉಳಿಸುವವರು. ಹಿಂದೊಮ್ಮೆ ಗುಂಡಿ ಬಿಟ್ಟು ಕೈ ಒಳಗೆ ಚಾಚಿದ ಒಬ್ಬಾಕೆಯ ತೋಳು ಅಚ್ಚಿಗೆ ಸಿಕ್ಕಿಕೊಂಡಾಗ, ಇಳಿಯುತ್ತಿದ್ದ ಪ್ರೆಸ್ ಕೂದಲೆಳೆಯಷ್ಟು ಮೇಲೆ ನಿಂತಿತ್ತು. ಇಡೀ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತೀರ ಹತ್ತಿರದ ಅಸೆಂಬ್ಲಿಯಲ್ಲೇ ಬರೆದದ್ದರ ಫಲ ಅದೆಂದು ಮಾವ ಎಲ್ಲರಿಗೂ ವಿವರಿಸಿದ್ದರು. ಬೇರೆ ಭಾಷೆಯಲ್ಲಿ ಬರೆದರೆ ಅದನ್ನು ಯಂತ್ರಕ್ಕೆ ಅನುವಾದಿಸುವ ಕಂಪೈಲರ್ ನಡುವೆ ಕೂತು ತನಗೆ ತೋಚಿದ್ದನ್ನು ಸೇರಿಸಿ ನಿಧಾನ ಮಾಡುತ್ತದೆ. ಇನ್ನೊಬ್ಬರು ಬೆರೆಸಿದ್ದನ್ನು ತಾನು ತಿನ್ನುವುದಿಲ್ಲ ಎನ್ನುತ್ತಿದ್ದರು. ಅದರಲ್ಲಿ ಸುಳ್ಳಿರಲಿಲ್ಲ. ಆಕೆಯ ತೋಳು ಉಳಿದದ್ದು ಆ ವೇಗದಿಂದಲೇ.

"ಅಷ್ಟು ನಂಬಿಕೆ ಇದ್ರೆ ನೀನೇ ಕೈ ಇಡು," ಎಂದ ವೆಲ್ಡರ್.

ಮಾವ ಅಂಗಿಯ ತೋಳು ಮಡಚಿ, ಬಲಗೈಯನ್ನು ರಕ್ತದ ಮೇಲೆಯೇ ಅಚ್ಚಿನೊಳಗೆ ಚಾಚಿದರು. ವೆಲ್ಡರ್ ಒಂದು ಗುಂಡಿಯನ್ನು ಒತ್ತಿದ. ಪ್ರೆಸ್ ಅಲುಗಲಿಲ್ಲ. ಮತ್ತೆ ಒತ್ತಿದ. ಅಲುಗಲಿಲ್ಲ.

ಅವಳು ಪರದೆಯ ಕಡೆ ತಿರುಗಿದಳು. ಪ್ರೊಸೆಸರಿಗೆ ಕೆಲಸದ ನಡುವೆ ಉತ್ತರ ಹಿಡಿದಿಡಲು ಇರುವುದು ಕೆಲವೇ ರಿಜಿಸ್ಟರುಗಳು, ಅಂದರೆ ಪುಟ್ಟ ಖಾನೆಗಳು. ಗುಂಡಿಗಳು ಎರಡೂ ಒತ್ತಿವೆಯೇ ಎಂಬ ಉತ್ತರ ಅವುಗಳಲ್ಲೊಂದರಲ್ಲಿರುತ್ತದೆ. ತಯಾರಾದ ತುಂಡುಗಳನ್ನು ಎಣಿಸುವ ವಿದ್ಯುತ್ ಕಣ್ಣಿನಿಂದ ಸಂಕೇತ ಬಂದರೆ, ಪ್ರೊಸೆಸರ್ ಕೈಲಿದ್ದುದನ್ನು ಬಿಟ್ಟು ಎಣಿಸಲು ಹೋಗುತ್ತದೆ. ಹೋಗುವ ಮುನ್ನ ಆ ಉತ್ತರವನ್ನು ಬೇರೆಡೆ ಎತ್ತಿಡಬೇಕು, ಬಂದ ಮೇಲೆ ಮರಳಿ ಇಡಬೇಕು. ಕಂಪೈಲರ್ ಇದನ್ನು ತಾನೇ ನೋಡಿಕೊಳ್ಳುತ್ತದೆ. ಅಸೆಂಬ್ಲಿಯಲ್ಲಿ ಬರೆಯುವವನೇ ನೆನಪಿಡಬೇಕು. ಇಲ್ಲಿ ಆ ಎರಡು ಸಾಲುಗಳೇ ಇರಲಿಲ್ಲ. ಎಣಿಸಿ ಬಂದ ಪ್ರೊಸೆಸರ್ ಎಣಿಕೆಯ ಅಂಕಿಯನ್ನೇ ‘ಎರಡೂ ಒತ್ತಿವೆ’ ಎಂಬ ಉತ್ತರವೆಂದು ಓದಿಬಿಡಬಹುದು.

ಮಾವ ಮರೆತಿರಲಿಲ್ಲ, ವೇಗಕ್ಕಾಗಿ ಬೇಕೆಂದೇ ಬಿಟ್ಟಿದ್ದರು. ಎಣಿಸುವ ಕಣ್ಣು ಮೊದಲು ಪ್ರೆಸ್ಸಿನಲ್ಲೇ ಇದ್ದಾಗ, ಪ್ರೆಸ್ ತಳ ಮುಟ್ಟಿದ ಮೇಲಷ್ಟೇ ಸಂಕೇತ ಬರುತ್ತಿತ್ತು; ಆಗ ಗುಂಡಿಗಳ ಉತ್ತರ ಯಾರಿಗೂ ಬೇಕಿರಲಿಲ್ಲ. ಆದರೆ ಹೋದ ವಾರ ಫಿಟ್ಟರ್ ಆ ಕಣ್ಣನ್ನು ಬಿಚ್ಚಿ ತುಂಡುಗಳನ್ನು ಸಾಗಿಸುವ ಬೆಲ್ಟಿನ ಬದಿಗೆ ಕೂರಿಸಿದ್ದ. ಅವಳು ತಲೆಯೆತ್ತಿದಳು. ಪಕ್ಕದ ಶೆಡ್ಡಿನ ತುಂಡುಗಳು ಅದೇ ಬೆಲ್ಟಿನ ಮೇಲೆ ಬರುತ್ತಲೇ ಇದ್ದವು. ಪ್ರತಿ ತುಂಡಿಗೂ ಕಣ್ಣು ಮಿನುಗುತ್ತಿತ್ತು. ಮಿನುಗು ಮತ್ತು ಒತ್ತು ಸರಿಯಾಗಿ ಕೂಡಿಬರುವುದಷ್ಟೇ ಬಾಕಿ.

ಕೂಗಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಖ್ಯ ಸ್ವಿಚ್ಚು ಜನರಾಚೆಯ ಗೋಡೆಯಲ್ಲಿತ್ತು. ನಿಲ್ಲಿಸುವ ಕೆಂಪು ಗುಂಡಿಗೆ ವೆಲ್ಡರನ ಮೈ ಅಡ್ಡವಾಗಿತ್ತು. ಅವನು ಈಗ ರೋಷದಿಂದ ಒಂದೇ ಸಮನೆ ಗುಂಡಿ ಕುಟ್ಟುತ್ತಿದ್ದ. ಮೇಜಿನ ಮೇಲಿದ್ದ ಉದ್ದನೆಯ ಸ್ಪ್ಯಾನರ್ ಅವಳ ಕೈಗೆ ಬಂತು. ಇಬ್ಬರ ನಡುವೆ ನುಸುಳಿ, ಗುಂಡಿಯ ಮೇಲಿದ್ದ ಅವನ ಮಣಿಕಟ್ಟಿಗೆ ಎರಡೂ ಕೈ ಸೇರಿಸಿ ಬಾರಿಸಿದಳು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು.

ವೆಲ್ಡರ್ ಮೊಣಕಾಲೂರಿ ಕುಸಿದ. ಜೋತುಬಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಅವಳನ್ನೇ ನೋಡಿದ. ಮಾವ ಅಚ್ಚಿನೊಳಗಿನ ಕೈಯನ್ನು ತೆಗೆಯದೆ, ಒಡೆದ ತುಟಿಯಲ್ಲೇ ನಕ್ಕರು. "ನೋಡಿದ್ರಲ್ಲ? ಅಷ್ಟು ಸಲ ಒತ್ತಿದ, ಇಳೀತಾ?"

ಬಟ್ಟೆ ಕಟ್ಟಿದ್ದರೂ ಕಟ್ಟಿರಬಹುದು ಎಂದು ಗುಂಪಿನಲ್ಲೊಬ್ಬ ಗೊಣಗಿದ. ಮತ್ತೊಬ್ಬ ಹೌದೆಂದು ತಲೆಯಾಡಿಸಿದ. ಅವಳು ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು: ಮಾವ ಗೆದ್ದವರು, ಆಸ್ಪತ್ರೆಯಲ್ಲಿರುವವನು ಕಳ್ಳಾಟದವನು, ಅವನಣ್ಣ ಪುಂಡ.

"ಮಾವ, ಕೈ ತೆಗೀರಿ."

"ಬಿಡಮ್ಮ. ಎಲ್ರೂ ನೋಡಿ ಆಯ್ತಲ್ಲ."

ಅವಳು ಅವರ ತೋಳು ಹಿಡಿದೆಳೆದು, ಆ ಜಾಗದಲ್ಲಿ ಮರದ ಹಲಗೆಯೊಂದನ್ನು ತುರುಕಿದಳು. "ಎಣಿಸೋ ಕಣ್ಣು ಈಗ ಬೆಲ್ಟ್ ಹತ್ತಿರ ಇದೆ, ಮಾವ. ನೀವು ಬಿಟ್ಟ ಎರಡು ಸಾಲು..."

ಅವರಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ಯಾರನ್ನ ಕೇಳಿ ಸರಿಸಿದ್ರು ಅದನ್ನ?"

"ಕೇಳಬೇಕು ಅಂತ ಯಾರಿಗೆ ಗೊತ್ತಿತ್ತು? ಸರಿಸಬಾರದು ಅನ್ನೋದು ಇದ್ದದ್ದು ನಿಮ್ಮೊಬ್ಬರ ತಲೆಯೊಳಗೆ."

ಎಡಗೈಯನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ, ಬಲಗೈಯಿಂದ ಗುಂಡಿ ಒತ್ತಿದಳು. ಬಿಟ್ಟು ಮತ್ತೆ ಒತ್ತಿದಳು. ಹಲಗೆ ಹಾಗೆಯೇ ಇತ್ತು. ಗುಂಪಿನಲ್ಲೊಬ್ಬ ಬೇಸತ್ತು ಹೊರಟ. ಅವಳು ಒತ್ತುತ್ತಲೇ ಇದ್ದಳು. ಹೆಬ್ಬೆರಳು ಸೋತಾಗ ಅಂಗೈಯಿಂದ ಒತ್ತಿದಳು. ತುಂಡುಗಳು ಬೆಲ್ಟಿನ ಮೇಲೆ ಒಂದರ ಹಿಂದೊಂದು ಸಾಗಿದವು. ವೆಲ್ಡರ್ ನೆಲದ ಮೇಲಿಂದಲೇ ಹಲಗೆಯನ್ನು ನೋಡುತ್ತಿದ್ದ.

ಪ್ರೆಸ್ ಇಳಿಯಿತು. ನೆಲ ನಡುಗಿತು. ಹಲಗೆಯ ತುದಿ ಹಾರಿ ವೆಲ್ಡರನ ಮುಂದೆ ಬಿತ್ತು.

ಹೊರಟಿದ್ದವನು ಬಾಗಿಲಲ್ಲೇ ನಿಂತ. ಮಾವ ಯಾರ ಕಡೆಗೂ ನೋಡಲಿಲ್ಲ. ಎರಡೂ ಅಂಗೈಗಳನ್ನು ಕಂಕುಳೊಳಗೆ ಅವುಚಿಕೊಂಡು, ಚಳಿ ಹಿಡಿದವರಂತೆ ನಿಂತರು. ಪಕ್ಕದ ಶೆಡ್ಡಿನಿಂದ ತುಂಡುಗಳು ಬರುತ್ತಲೇ ಇದ್ದವು.