ಯಾವ ಕ್ಯಾನಿಗೆ ರಬ್ಬರ್ ಬ್ಯಾಂಡು

ಸ್ಕೇಲಮ್ಮನ ಮನೆಯ ಹುಲ್ಲು ಸತ್ತಿದೆ ಎಂದು ಮೊದಲು ಕಂಡಿದ್ದು ನನಗೆ. ಸೋಮವಾರ ಬೆಳಿಗ್ಗೆ ಗೇಟಿನ ಚಿಲಕ ತೆಗೆಯುವಾಗಲೇ ಕಣ್ಣಿಗೆ ಬಿತ್ತು. ಗೇಟಿನಿಂದ ವರಾಂಡದವರೆಗೆ, ಹಿಂದಿನ ವಾರ ಇವರು ಹುಲ್ಲಿನ ಟಾನಿಕ್ ಎಂದು ಸ್ಪ್ರೇ ಹೊಡೆಯುತ್ತಾ ನಡೆದ ಅಗಲಕ್ಕೆ ಸರಿಯಾಗಿ, ಪಟ್ಟೆ ಪಟ್ಟೆಯಾಗಿ ಹಳದಿ. ನೀರು ಸಾಲದೆ ಒಣಗುವ ಹುಲ್ಲು ಹೀಗೆ ಅಳತೆ ಹಿಡಿದು ಒಣಗುವುದಿಲ್ಲ. ಕುಕ್ಕುರುಗಾಲಲ್ಲಿ ಕೂತು ಒಂದು ಹಿಡಿ ಎಳೆದೆ. ಬುಡಸಮೇತ ಕೈಗೆ ಬಂತು.

ಇವರು ಹುಲ್ಲು ಕತ್ತರಿಸುವ ಮೆಷೀನು ಇಳಿಸಿಕೊಂಡು ನನ್ನ ಹಿಂದೆಯೇ ಬಂದರು. ಆ ಹಳದಿಯ ನಡುವೆ ನಿಂತು, ಸೊಂಟದ ಮೇಲೆ ಕೈಯಿಟ್ಟು, "ಟಾನಿಕ್ ಚೆನ್ನಾಗಿ ಹಿಡಿದಿದೆ ನೋಡು," ಎಂದರು.

"ಹೂಂ, ಹಿಡಿದಿದೆ," ಎಂದೆ. ಇವತ್ತು ಇಲ್ಲಿ ಕತ್ತರಿಸುವುದು ಬೇಡ, ನೆಲ ಹಸಿಯಿದೆ ಎಂದು ಸುಳ್ಳು ಹೇಳಿ ಇವರನ್ನು ವಾಪಸು ವ್ಯಾನಿಗೆ ಹತ್ತಿಸಿದೆ.

ಇವರು ನನ್ನ ಗಂಡ. ಇಪ್ಪತ್ತೆರಡು ವರ್ಷದಿಂದ ಈ ಬಡಾವಣೆಯ ಮನೆಗಳ ಮುಂದಿನ ಹುಲ್ಲು ನೋಡಿಕೊಳ್ಳುವುದು ನಾವಿಬ್ಬರೇ. ಮೆಷೀನು ಮತ್ತು ಸ್ಪ್ರೇ ಇವರದು. ಅಂಚು ಕತ್ತರಿಸುವುದು, ಹೂವಿನ ಪಾತಿ, ಬೇಲಿ ಗಿಡ ನನ್ನದು. ಮಾತಾಡುವ ಕೆಲಸವೂ ನನ್ನದೇ. ಇವರು ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವರು. ಆದರೆ ಇವರು ಮೆಷೀನು ತಳ್ಳಿದ ಹುಲ್ಲಿನ ಮೇಲೆ ಒಂದು ಪಟ್ಟೆ ತಿಳಿ, ಒಂದು ಪಟ್ಟೆ ಗಾಢ, ದಾರ ಹಿಡಿದು ಎಳೆದಷ್ಟು ನೇರ. ವಾಕಿಂಗ್ ಹೊರಟವರು ಕಾಂಪೌಂಡಿನ ಹತ್ತಿರ ನಿಂತು ನೋಡಿ ಹೋಗುತ್ತಾರೆ. ಇವರು ನೋಡಿಯೂ ನೋಡದ ಹಾಗೆ ಮುಖ ಮಾಡುತ್ತಾರೆ. ಒಳಗೊಳಗೆ ಉಬ್ಬಿಹೋಗಿರುತ್ತಾರೆ ಎಂದು ನನಗೊಬ್ಬಳಿಗೇ ಗೊತ್ತು.

ಇವರ ಕಣ್ಣು ಮಂಜಾಗುತ್ತಿದೆ ಎಂದು ನನಗೆ ತಿಳಿದು ಒಂದು ವರ್ಷವಾಗಿತ್ತು. ಒಂದು ದಿನ ನೀರು ಚಿಮ್ಮುವ ಕೊಳವೆಯ ತಲೆಯ ಮೇಲೆ ಮೆಷೀನು ಹಾಯಿಸಿ ಅದನ್ನು ಹಾರಿಸಿಬಿಟ್ಟರು. ಆಮೇಲೆ ಗಮನಿಸಿದೆ, ಮೇಜಿನ ಮೇಲಿನ ಲೋಟವನ್ನು ತಡಕಿ ಹಿಡಿಯುತ್ತಿದ್ದರು. ನಿಮ್ಮ ಮಂಡಿನೋವಿಗೆ ಒಳ್ಳೆಯದಲ್ಲ ಎಂದು ವ್ಯಾನಿನ ಸ್ಟೇರಿಂಗು ನಾನು ಕಿತ್ತುಕೊಂಡೆ. ಹುಲ್ಲಿನ ಮೇಲೆ ಬಿದ್ದ ಪೈಪು, ಮಕ್ಕಳ ಆಟಿಕೆ ಮೊದಲೇ ಎತ್ತಿಡುತ್ತಿದ್ದೆ. ಪಟ್ಟೆಯ ತುದಿಯಲ್ಲಿ ನಿಂತು ಬಾಯಿಗೆ ಬಂದದ್ದು ಹರಟುತ್ತಿದ್ದೆ, ಎಲ್ಲಿ ತಿರುಗಬೇಕೆಂದು ಇವರಿಗೆ ದನಿಯಿಂದ ತಿಳಿಯಲಿ ಎಂದು. ವಯಸ್ಸಾದ ಮೇಲೆ ನಿನ್ನ ಬಾಯಿ ಜಾಸ್ತಿಯಾಗಿದೆ ಎಂದು ಬೈಸಿಕೊಂಡಿದ್ದೂ ಆಯಿತು. ಕಣ್ಣಿನ ಡಾಕ್ಟರ ಹತ್ತಿರ ಒಮ್ಮೆ ನೆಪ ಹೇಳಿ ಕರೆದೊಯ್ದರೆ, ಆಸ್ಪತ್ರೆಯ ಬೋರ್ಡು ನೋಡಿಯೋ ವಾಸನೆ ಹಿಡಿದೋ ವ್ಯಾನಿನಿಂದ ಇಳಿಯಲೇ ಇಲ್ಲ. ನಾನೂ ಬಾಯಿ ಬಿಟ್ಟು ಹೇಳಲಿಲ್ಲ. ರಜೆ ಎಂದು ಒಂದು ದಿನ ಮನೆಯಲ್ಲಿ ಕೂರಿಸಿದರೇ ಬಾಡಿಹೋಗುವ ಮನುಷ್ಯನನ್ನು ಜೀವಮಾನವಿಡೀ ಹೇಗೆ ಕೂರಿಸಲಿ? ಮೆಷೀನು ಬಿಡಿಸಿದರೆ ಇವರು ಉಳಿಯುವುದಿಲ್ಲ ಎಂದು ನಾನು ನಂಬಿದ್ದೆ. ಈಗಲೂ ನಂಬುತ್ತೇನೆ.

ಸ್ಕೇಲಮ್ಮ ಮಗಳ ಮನೆಗೆ ಹೋಗಿದ್ದರು, ಗುರುವಾರ ಬರುವವರಿದ್ದರು. ನಿವೃತ್ತ ಟೀಚರು. ಹುಲ್ಲಿನ ಎತ್ತರವನ್ನು ಶಾಲೆಯ ಸ್ಕೇಲು ಹಿಡಿದು ಅಳೆಯುವುದರಿಂದ ನಾವಿಟ್ಟ ಹೆಸರು ಅದು. ಅವರು ಬೇಡ ಎಂದವರನ್ನು ಆ ಬೀದಿಯಲ್ಲಿ ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ನನಗಿದ್ದದ್ದು ಮೂರು ದಿನ. ಒಮ್ಮೆ ತಲೆನೋವಿನ ಮಾತ್ರೆ ತರಲಿಕ್ಕೆಂದು, ಒಮ್ಮೆ ಮಾರ್ಕೆಟ್ಟಿಗೆಂದು ಇವರಿಗೆ ಹೇಳಿ ಆ ಮನೆಗೆ ಒಬ್ಬಳೇ ಹೋದೆ. ಗಂಟೆಗಟ್ಟಲೆ ನೀರು ಬಿಟ್ಟೆ. ವಿಷ ಹೀರಿಕೊಳ್ಳಲಿ ಎಂದು ಇದ್ದಿಲ ಪುಡಿ ಎರಚಿದೆ. ಟಾನಿಕ್ ಎಂದುಕೊಂಡು ಇವರು ಹೊಡೆದ ಕಳೆಯ ವಿಷ ಬೇರಿಗೆ ಇಳಿದಿದೆ, ಇದಕ್ಕೆಲ್ಲ ಬಗ್ಗುವುದಿಲ್ಲ ಎಂದು ಗೊತ್ತಿದ್ದೂ ಮಾಡಿದೆ. ಬೆಳೆಸಿದ ಹುಲ್ಲನ್ನು ಚಾಪೆಯಂತೆ ಸುರುಳಿ ಸುತ್ತಿ ಮಾರುವವನಿಗೆ ಫೋನು ಮಾಡಿ ಗೋಗರೆದೆ. ಆ ಜಾತಿಯದು ಇನ್ನು ಮೂರು ವಾರ ಬಿಟ್ಟೇ ಸಿಗುವುದು ಎಂದ. ಮಂಗಳವಾರ ಸಂಜೆ ಆ ಹಳದಿಯ ಮೇಲೆ ಕೂತು ಅತ್ತೆ. ಎದುರುಮನೆಯವರು ನೋಡಿದರೆ ನೋಡಿಕೊಳ್ಳಲಿ ಎನಿಸಿತ್ತು.

ಬುಧವಾರ ಬೆಳಿಗ್ಗೆ ವ್ಯಾನಿನ ಹಿಂಬಾಗಿಲು ತೆಗೆದು ಕ್ಯಾನುಗಳನ್ನು ನೋಡಿದೆ. ಎರಡು ಬಿಳಿ ಕ್ಯಾನು, ಒಂದೇ ಕಂಪನಿ, ಒಂದೇ ಅಳತೆ. ಒಂದು ಹುಲ್ಲಿನ ಟಾನಿಕ್, ಇನ್ನೊಂದು ಕಲ್ಲುಹಾಸಿನ ಸಂದಿಯ ಕಳೆಗೆ ಹೊಡೆಯುವ ವಿಷ. ಮುಟ್ಟಿದರೆ ಬೇರೆಯೆನಿಸಿ ನನ್ನನ್ನು ಕೇಳಲಿ ಎಂದು ವಿಷದ ಕ್ಯಾನಿನ ಕೊರಳಿಗೆ ಎರಡು ವಾರದ ಹಿಂದೆ ನಾನು ರಬ್ಬರ್ ಬ್ಯಾಂಡು ಸುತ್ತಿದ್ದೆ. ಅದು ಸುತ್ತಿದ ಹಾಗೆಯೇ ಇತ್ತು. ನನಗೆ ಪಿತ್ತ ನೆತ್ತಿಗೇರಿತು. ಒಂದು ವರ್ಷ ನುಂಗಿಕೊಂಡದ್ದೆಲ್ಲ ಬಾಯಿಗೆ ಬಂತು. ಹುಲ್ಲು ಸತ್ತಿದೆ, ಹಳದಿಯಾಗಿದೆ, ಹಸಿರಲ್ಲ, ಇಷ್ಟು ದಪ್ಪ ರಬ್ಬರ್ ಬ್ಯಾಂಡೂ ಕೈಗೆ ತಾಗಲಿಲ್ಲವೇ ಎಂದು ಕೂಗಾಡಿಬಿಟ್ಟೆ.

ಇವರು ಬಾಗಿಲ ಮೆಟ್ಟಿಲ ಮೇಲೆ ಬೂಟಿನ ದಾರ ಕಟ್ಟುತ್ತಿದ್ದರು. ಕೈ ನಿಂತಿತು.

"ತಾಗಿತು. ಬ್ಯಾಂಡ್ ಇರೋದನ್ನೇ ತಗೊಂಡೆ."

"ಬ್ಯಾಂಡ್ ಇರೋದು ವಿಷ ಕಣ್ರೀ. ನಾನೇ ಹಾಕಿದ್ದು."

"ಇಲ್ಲ. ಟಾನಿಕ್‌ಗೆ ಹಾಕಿದ್ದು ನಾನು. ಎರಡು ತಿಂಗಳಾಯ್ತು."

ವಿಷಕ್ಕೆ ಸುತ್ತಲು ಏನಾದರೂ ಸಿಗುತ್ತದೆಯೇ ಎಂದು ಅವತ್ತು ವ್ಯಾನೆಲ್ಲ ಹುಡುಕಿದ್ದೆ. ಕೊನೆಗೆ ಟಾನಿಕ್ ಕ್ಯಾನಿನ ಕೊರಳಲ್ಲಿ ಒಂದು ರಬ್ಬರ್ ಬ್ಯಾಂಡು ಸುಮ್ಮನೆ ಬಿದ್ದಿದೆ ಎಂದುಕೊಂಡು, ಅದನ್ನೇ ತೆಗೆದು ಇದಕ್ಕೆ ಹಾಕಿದ್ದೆ. ಕಣ್ಣಿನ ವಿಷಯ ನನಗೆ ತಿಳಿಯಬಾರದೆಂದು ಇವರು ಮಾಡಿಕೊಂಡ ಗುರುತನ್ನು, ನನಗೆ ಗೊತ್ತಿದೆ ಎಂದು ಇವರಿಗೆ ತಿಳಿಯಬಾರದೆಂದು ನಾನು ಹೇಳದೆ ಬದಲಿಸಿದ್ದೆ. ಹುಲ್ಲು ಕೊಂದದ್ದು ಇವರ ಕಣ್ಣಲ್ಲ, ನನ್ನ ಬುದ್ಧಿವಂತಿಕೆ.

ಕಣ್ಣಿನ ವಿಷಯ ಯಾವಾಗಿನಿಂದ ಗೊತ್ತು ಎಂದು ಕೇಳಿದರು. ಹೇಳಿದೆ. ಎಷ್ಟು ಕಾಣುತ್ತದೆ ಎಂದು ನಾನು ಕೇಳಿದೆ. ಅಂಚು ಮಾತ್ರ ಮಸುಕು, ನಡುವೆ ಎಲ್ಲಾ ಚೆನ್ನಾಗಿದೆ, ಬಣ್ಣ ಸ್ವಲ್ಪ ಹೆಚ್ಚುಕಮ್ಮಿಯಾಗುತ್ತದೆ ಅಷ್ಟೇ ಎಂದರು. ನಂಬಿದೆ. ನಂಬದೆ ಇರುವ ಶಕ್ತಿ ನನಗಿರಲಿಲ್ಲ.

ಗುರುವಾರ ಸ್ಕೇಲಮ್ಮ ವರಾಂಡದಲ್ಲಿ ನಿಂತು ತುಂಬಾ ಹೊತ್ತು ಹುಲ್ಲು ನೋಡಿದರು. ಅಭ್ಯಾಸಬಲಕ್ಕೆ ಸ್ಕೇಲು ಕೈಯಲ್ಲೇ ಇತ್ತು. ಸ್ಪ್ರೇ ಹೊಡೆದದ್ದು ನಾನು, ಕ್ಯಾನು ಅದಲುಬದಲಾಯಿತು ಎಂದು ರಾತ್ರಿಯೆಲ್ಲ ಉರುಹೊಡೆದದ್ದನ್ನು ಒಪ್ಪಿಸಿದೆ. ಇಪ್ಪತ್ತೆರಡು ವರ್ಷದಲ್ಲಿ ಯಾವ ಮನೆಯೊಡೆಯರ ಮುಂದೆಯೂ ಮಾತಾಡದ ಇವರು ಆಗ ಬಾಯಿ ತೆರೆದರು.

"ಅವಳು ಸುಳ್ಳು ಹೇಳ್ತಿದ್ದಾಳೆ. ಹೊಡೆದಿದ್ದು ನಾನು. ನನಗೆ ಕಣ್ಣು ಸರಿಯಾಗಿ ಕಾಣಲ್ಲ."

ಸ್ಕೇಲಮ್ಮ ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಹೊಸ ಹುಲ್ಲು ಬಂದಾಗ ಬರಲಿ, ಬೀದಿಯಲ್ಲಿ ಯಾರಿಗೂ ಹೇಳುವುದಿಲ್ಲ ಎಂದರು. ಒಳಗೆ ಹೋಗಲು ತಿರುಗಿದವರು ನಿಂತು, ನನ್ನನ್ನು ನೋಡಿ ಹೇಳಿದರು.

"ಇಲ್ಲಿ ನನ್ನ ಮೊಮ್ಮಕ್ಕಳು ಓಡಾಡ್ತಾರಮ್ಮ. ಇನ್ಮೇಲೆ ಮೆಷೀನು ಅವರ ಕೈಗೆ ಕೊಡಬೇಡ. ಈ ಮನೇಲಿ ಅಂತಲ್ಲ, ಯಾರ ಮನೇಲೂ."

ಅವರು ಹೇಳಿದ್ದರಲ್ಲಿ ತಪ್ಪೇನಿತ್ತು?

ಪಕ್ಕದ ಬೀದಿಯ ಮನೆಯಲ್ಲಿ ಅವತ್ತಿನ ಕೆಲಸ ಬಾಕಿಯಿತ್ತು. ಇವರೇ ಮೆಷೀನು ಇಳಿಸಿ, ಹಿಡಿಯನ್ನು ನನ್ನ ಕೈಗಿಟ್ಟರು. ಅಷ್ಟು ವರ್ಷ ಒರೆಸಲಿಕ್ಕೂ ನನಗೆ ಕೊಡದ ಮೆಷೀನು. ಮುಖದಲ್ಲಿ ಏನೂ ಕಾಣಲಿಲ್ಲ.

"ಚಕ್ರ ನೋಡಬೇಡ. ದೂರದಲ್ಲಿ ಒಂದು ಗುರುತು ಹಿಡ್ಕೊ, ಅದನ್ನೇ ನೋಡ್ತಾ ಬಾ. ನಾನು ಹೋಗಿ ನಿಂತ್ಕೋತೀನಿ," ಎಂದರು.

ಬೇಲಿಯನ್ನು ಸವರುತ್ತಾ ನಡೆದು ಆ ತುದಿಯಲ್ಲಿ ನಿಂತರು. ಮೆಷೀನಿನ ನಡುಕ ಹಲ್ಲಿನವರೆಗೆ ಏರಿತು. ಇವರ ಬಿಳಿ ಅಂಗಿಯನ್ನೇ ನೋಡುತ್ತಾ ತಳ್ಳಿದೆ. ಅರ್ಧ ದಾರಿಗೆ ಕಣ್ಣು ತುಂಬಿ ಅಂಗಿ ಎರಡಾಯಿತು. ನಿಲ್ಲಿಸಿ ಹಿಂದೆ ನೋಡಿದರೆ ಪಟ್ಟೆ ಹೊಟ್ಟೆ ಬಿಟ್ಟುಕೊಂಡು ಪಕ್ಕಕ್ಕೆ ವಾಲಿತ್ತು. ಇಷ್ಟು ಸೊಟ್ಟ ಗೆರೆ ನೋಡಿದರೆ ಇವರು ಓಡಿಬಂದು ಹಿಡಿ ಕಿತ್ತುಕೊಳ್ಳುತ್ತಾರೆ ಎಂದುಕೊಂಡೆ. ಕಿತ್ತುಕೊಳ್ಳಲಿ ಎಂದೇ ಆಸೆ. ಎರಡೂ ಕೈ ಎತ್ತಿ ಆಡಿಸಿದೆ. ಇವರು ಅಲುಗಲಿಲ್ಲ.

ಮೆಷೀನು ಅಲ್ಲೇ ಬಿಟ್ಟು ಇವರ ಕಡೆ ನಡೆದೆ. ಹುಲ್ಲಿನ ಮೇಲೆ ಹೆಜ್ಜೆಯ ಸದ್ದು ಬರಲಿಲ್ಲ. ನಡು ಮಧ್ಯಾಹ್ನ, ಎಲ್ಲೂ ನೆರಳಿಲ್ಲ. ಇವರು ಮೆಷೀನಿನ ಕಡೆಗೇ ಮುಖ ಮಾಡಿ ನಗುತ್ತಿದ್ದರು. ನನಗೆ ಧೈರ್ಯ ಬರಲಿ ಎಂದು ತಂದುಕೊಂಡ ನಗು.

"ಯಾಕೆ ನಿಲ್ಲಿಸಿದೆ? ನೇರವಾಗೇ ಬರ್ತಿದೆ, ಬಾ," ಎಂದು ದೂರದವರನ್ನು ಕರೆಯುವಂತೆ ಗಟ್ಟಿಯಾಗಿ ಕೂಗಿದರು.

ನಾನು ಎದುರಿಗೇ ನಿಂತಿದ್ದೆ. ಕೈ ಚಾಚಿದ್ದರೆ ಅಂಗಿಯ ಗುಂಡಿ ಸಿಗುತ್ತಿತ್ತು.